ಹಾಡಬಾರದ ಮರ

ಸನ್ಶೋ ಮೆಣಸು ಬಿಡಿಸುವಾಗ ಹಾಡಬಾರದು, ಹಾಡಿದರೆ ಮರ ಒಣಗುತ್ತದೆ. ನಾನು ಈ ಬೆಟ್ಟದೂರಿಗೆ ಸೊಸೆಯಾಗಿ ಬಂದ ವರ್ಷವೇ ಅತ್ತೆ ಇದನ್ನು ಹೇಳಿದ್ದರು. ಒಲೆ ಹಚ್ಚಿಟ್ಟು ಹೊರಗೆ ಹೋಗಬೇಡ ಎನ್ನುವಷ್ಟು ಸಹಜವಾಗಿ ಹೇಳಿದ್ದರು. ನಾನು ಕಡಲ ದಂಡೆಯವಳು. ನಮ್ಮ ಕಡೆ ಬಲೆ ಹೊಲಿಯುವಾಗ, ಮೀನು ಒಣಹಾಕುವಾಗ ಎಲ್ಲರೂ ಗಂಟಲು ಬಿಟ್ಟೇ ಹಾಡುತ್ತಿದ್ದರು. ಆದರೂ ಹೊಸ ಸೊಸೆ ಎದುರು ಮಾತಾಡುವುದು ಹೇಗೆ? ತುಟಿ ಬಿಗಿದುಕೊಂಡು ಬಿಡಿಸಿದೆ.

ಮರ ಇದ್ದದ್ದು ಅಡುಗೆಮನೆಯ ಹಿಂಬಾಗಿಲಿನಿಂದ ಹನ್ನೊಂದು ಹೆಜ್ಜೆ ದೂರದಲ್ಲಿ. ಮಾವ ತಮ್ಮ ಕೈಯಾರೆ ಕಸಿ ಕಟ್ಟಿದ್ದು. ನನ್ನ ಮದುವೆಗೆ ಮೂರು ವರ್ಷ ಮೊದಲೇ ಅವರು ಹೋಗಿಬಿಟ್ಟಿದ್ದರು. ಅತ್ತೆ ತೋಫುವಿನ ಮೇಲಿಡಲು ಎರಡು ಎಲೆ ಬೇಕಾದಾಗಲೆಲ್ಲ ಮರದ ಹತ್ತಿರ ಹೋಗಿ, "ಏನ್ರೀ, ಎರಡೆಲೆ ತಗೋತೀನಿ" ಎಂದು ಕೇಳಿಯೇ ಕೀಳುತ್ತಿದ್ದರು. ಎಲೆಯನ್ನು ಅಂಗೈಯಲ್ಲಿಟ್ಟು ಪಟ್ಟೆಂದು ಒಮ್ಮೆ ಚಪ್ಪಾಳೆ ತಟ್ಟಿದರೆ ಘಮ ಬಾಗಿಲು ದಾಟಿ ಒಳಗೆ ಬರುತ್ತಿತ್ತು. ಆಗಸ್ಟ್‌ನಲ್ಲಿ ಹಸಿರು ಕಾಯಿ ಬಿಡಿಸಿ, ಒಂದು ದಿನ ನೆರಳಲ್ಲಿ, ಆಮೇಲೆ ಬಿಸಿಲಲ್ಲಿ ಹರವಬೇಕು. ಸಿಪ್ಪೆ ಒಡೆದು ಕರೀ ಬೀಜ ಹೊರಗುರುಳುತ್ತದೆ. ಬೀಜ ಎಸೆದು ಸಿಪ್ಪೆ ಕುಟ್ಟಿಟ್ಟರೆ ವರ್ಷವಿಡೀ ಚಿಟಿಕೆ ಚಿಟಿಕೆಯಾಗಿ ನಾಲಿಗೆ ಜುಮ್ಮೆನ್ನುತ್ತದೆ. ನಮ್ಮ ತಕಾಹಾರಾ ಹೊಳೆಯ ದಂಡೆಯ ಚಳಿಯಲ್ಲೇ ಅದಕ್ಕೆ ಆ ಘಮ, ಅದೇ ಗಿಡವನ್ನು ಕೆಳಗಿನ ಬೆಚ್ಚಗಿನ ಊರಿಗೆ ಒಯ್ದು ನೆಟ್ಟರೆ ಕಾಯಿ ಬರುತ್ತದೆ, ಘಮ ಬರುವುದಿಲ್ಲ ಎಂದು ಇಲ್ಲಿನವರು ಹೇಳುತ್ತಾರೆ.

ಚಳಿಯಲ್ಲಿ ಬೆಳೆಯದ್ದನ್ನು ಬೆಳೆಸುವ ಹುಚ್ಚು ನನಗೂ ಇತ್ತು. ತವರಿನಿಂದ ಯುಜು ನಿಂಬೆಯ ಸಸಿ ತಂದೆ, ಮೊದಲ ಹಿಮಕ್ಕೇ ಕರಿಕಟ್ಟಿತು. ಮರುವರ್ಷ ಗಂಡನನ್ನು ಕಾಡಿ ಪೇಟೆಯಿಂದ ಒಂದು ಕರಿಮೆಣಸಿನ ಬಳ್ಳಿ ತರಿಸಿ, ಕುಂಡದಲ್ಲಿಟ್ಟು, ಒಲೆಯ ಪಕ್ಕ ಮಗುವಿನ ಹಾಗೆ ನೋಡಿಕೊಂಡೆ. ನವೆಂಬರ್‌ನಲ್ಲಿ ದಿನಕ್ಕೊಂದರಂತೆ ಎಲೆ ಉದುರಿಸಿ ಅದೂ ಹೋಯಿತು.

"ಪಾಪ, ಅದಕ್ಕೆ ಇಲ್ಲಿ ಮಾತಾಡಿಸೋರು ಯಾರೂ ಇರ್ಲಿಲ್ಲ. ನಿನಗಾದ್ರೆ ನಾನಿದ್ದೆ" ಎಂದರು ಅತ್ತೆ.

ಅವರ ಮಾತೇ ಹಾಗೆ. ಸಾರು ಬಾಯಿಗಿಟ್ಟ ಕೂಡಲೇ, "ಕನಾಯೆ, ಇವತ್ತೂ ಇಡೀ ಕಡಲನ್ನೇ ತಂದು ಸುರಿದಿದ್ದೀಯಾ?" ಎನ್ನುತ್ತಿದ್ದರು. ಹತ್ತು ವರ್ಷ ಕೇಳಿ ಕೇಳಿ ನನಗೆ ಅಭ್ಯಾಸವಾಗಿತ್ತು. ಬಯ್ಯುತ್ತಲೇ ಎರಡನೇ ಬಟ್ಟಲನ್ನೂ ಕುಡಿಯುತ್ತಿದ್ದರಲ್ಲ.

ನಮ್ಮ ಮಗಳು ಮಾಯುಗೆ ಎಂಟು ವರ್ಷವಾಗಿದ್ದ ಆಗಸ್ಟ್‌ನಲ್ಲಿ ಮೂವರೂ ಕೂತು ಕಾಯಿ ಬಿಡಿಸುತ್ತಿದ್ದೆವು. ಅವಳು ಹುಟ್ಟಾ ಹಾಡುಗಾತಿ. ಹಲ್ಲುಜ್ಜುವಾಗಲೂ ಹಾಡು, ಹೋಮ್‌ವರ್ಕಿಗೂ ಹಾಡು. ಅವತ್ತು ಮುಳ್ಳಿಗೆ ಕೈ ತಾಗದಂತೆ ಗೊಂಚಲು ಹಿಡಿದು, ತನಗೇ ಗೊತ್ತಿಲ್ಲದಂತೆ ಹಾಡಲು ಶುರುಮಾಡಿದಳು.

"ಮಾಯು! ಬಾಯಿ ಮುಚ್ಚು!"

"ಯಾಕಜ್ಜಿ?"

"ಹಾಡಿದ್ರೆ ಮರ ಸಾಯುತ್ತೆ."

"ಮರಕ್ಕೆ ಕಿವಿ ಇರುತ್ತಾ?"

"ನಿನ್ನಷ್ಟು ಬಾಯಿ ಇಲ್ಲ. ಕಿವಿ ಇದೆ."

ಮಾಯು ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಆ ವರ್ಷ ಐದು ಬುಟ್ಟಿ ಕಾಯಿ ಸಿಕ್ಕಿತು.

ಡಿಸೆಂಬರ್‌ನಲ್ಲಿ ಅತ್ತೆ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಅಲ್ಲಿಂದ ಮನೆಯ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಉಪ್ಪಿನಕಾಯಿ ಪೀಪಾಯಿಗಳೂ ಬಂದವು. ಕೆಂಪು ಗೆಡ್ಡೆಯನ್ನು ಉಪ್ಪಿನಲ್ಲಿ ಹಾಕಿ, ಮೇಲೆ ಕಲ್ಲಿಟ್ಟು, ಚಳಿಗಾಲ ಕಳೆಯುವವರೆಗೆ ತಿನ್ನುವ ಮೂರು ದೊಡ್ಡ ಪೀಪಾಯಿಗಳು. ಹತ್ತು ವರ್ಷದಲ್ಲಿ ಒಂದು ದಿನವೂ ಅತ್ತೆ ಅವುಗಳ ಮುಚ್ಚಳ ಮುಟ್ಟಲು ಬಿಟ್ಟಿರಲಿಲ್ಲ. "ಈ ವರ್ಷ ನೀನೇ ನೋಡ್ಕೋ" ಎಂದು ಅವರು ಅಂದಾಗ ನನಗೆ ಮನೆಯ ಬೀಗದ ಕೈ ಕೊಟ್ಟಷ್ಟು ಸಂತೋಷವಾಗಿತ್ತು.

ಮಾರ್ಚ್ ಕೊನೆಗೆ ಪೀಪಾಯಿ ಖಾಲಿಯಾದವು. ತಳದಲ್ಲಿ ಕೆಂಪು ಉಪ್ಪುನೀರು ಉಳಿದಿತ್ತು. ಅತ್ತೆ ಪ್ರತಿ ವರ್ಷ ಅದನ್ನು ಬಕೆಟ್ಟಿನಲ್ಲಿ ಹೊತ್ತು ರಸ್ತೆಯಾಚೆಯ ಕಾಲುವೆಗೆ ಸುರಿಯುತ್ತಿದ್ದುದನ್ನು ನೋಡಿದ್ದೆ. ಆದರೆ ನನ್ನ ಗಂಡ ಯಸುಹಿರೊ ಆ ವರ್ಷ ಹಿಮ ತಳ್ಳುವ ಗಾಡಿ ಓಡಿಸಿ ಓಡಿಸಿ ಕಾಲುವೆಯ ಮೇಲೆ ಆಳೆತ್ತರ ಹಿಮ ಗುಡ್ಡೆ ಹಾಕಿದ್ದ. ಒಳಗೆ ಅನ್ನ ಬೇಯುತ್ತಿತ್ತು, ಅತ್ತೆಗೆ ಔಷಧಿ ಕೊಡುವ ಹೊತ್ತಾಗಿತ್ತು. ಹಿಂಬಾಗಿಲು ತೆರೆದು ಮೂರು ಪೀಪಾಯಿಯನ್ನೂ ಹಿಮದ ಮೇಲೆ ಬಗ್ಗಿಸಿದೆ. ಬೆಳ್ಳನೆಯ ಹಿಮದ ಮೇಲೆ ಕೆಂಪು ಹರಡಿತು.

"ಸ್ಟ್ರಾಬೆರಿ ಐಸ್!" ಎಂದು ಮಾಯು ಕಿಟಕಿಯಿಂದ ಕೂಗಿದಳು.

ಮರುದಿನ ಹೊಸ ಹಿಮ ಬಿದ್ದು ಎಲ್ಲ ಬೆಳ್ಳಗಾಯಿತು. ನಾನು ಮರೆತೆ.

ಮೇ ತಿಂಗಳಲ್ಲಿ ಎದುರುಮನೆಯ ತೊಕುಜಿ ಅಜ್ಜನ ಸನ್ಶೋ ಮರಗಳು ಚಿಗುರಿದವು. ನಮ್ಮದು ಚಿಗುರಲಿಲ್ಲ. ಸೌದೆ ಕೊಟ್ಟಿಗೆಯ ಕಡೆಗೆ ಚಾಚಿದ್ದ ಒಂದೇ ಒಂದು ಕೊಂಬೆಯಲ್ಲಿ ಪುಟ್ಟ ಎಲೆ ಬಂದಿತ್ತು. ಮಿಕ್ಕೆಲ್ಲ ಬರಿಯ ಮುಳ್ಳು. ಅತ್ತೆ ಬೆಳಿಗ್ಗೆ ಎದ್ದವರೇ ಹೋಗಿ ತೊಗಟೆ ಸವರುತ್ತಿದ್ದರು. ಒಂದು ದಿನ, "ಏನ್ರೀ, ಏನಾಯ್ತು ನಿಮಗೆ?" ಎಂದು ಕೇಳಿದ್ದು ನನಗೂ ಕೇಳಿಸಿತು, ನನ್ನ ಪಕ್ಕ ನಿಂತಿದ್ದ ಮಾಯುಗೂ ಕೇಳಿಸಿತು.

ರಾತ್ರಿ ಊಟಕ್ಕೆ ಕೂತಾಗ ಮಾಯು ಮೆಲ್ಲಗೆ ಕೇಳಿದಳು. "ಅಜ್ಜಿ, ನಾನು ಹಾಡಿದ್ದಕ್ಕಾ?"

ಅತ್ತೆ ಊಟದ ಕಡ್ಡಿಗಳನ್ನು ಕೆಳಗಿಟ್ಟರು. ಅವತ್ತು ಅವರ ಮನಸ್ಸು ಊಟದಲ್ಲೂ ಇರಲಿಲ್ಲ, ಮಗುವಿನಲ್ಲೂ ಇರಲಿಲ್ಲ.

"ಹೇಳಿದ್ದೆನಲ್ಲ" ಎಂದಷ್ಟೇ ಹೇಳಿ ಎದ್ದುಹೋದರು.

"ಅಜ್ಜಿ ಏನೋ ಬೇಜಾರಲ್ಲಿ ಅಂದ್ಲು, ಬಿಡು" ಎಂದು ಯಸುಹಿರೊ ಮಗಳ ತಟ್ಟೆಗೆ ತನ್ನ ಮೀನಿನ ತುಂಡು ಹಾಕಿದ. ಮಾಯು ತಿನ್ನಲಿಲ್ಲ.

ಮಕ್ಕಳ ಗಲಾಟೆಗೆ ಬಯ್ಯುವ ನಮಗೆ ಗಲಾಟೆ ನಿಂತದ್ದು ಬೇಗ ಗೊತ್ತಾಗುತ್ತದೆ. ಮಾಯು ಸ್ನಾನಕ್ಕೆ ಹೋದರೆ ಬಚ್ಚಲಿನಿಂದ ಮೂರು ಹಾಡಾದರೂ ಬರಬೇಕು. ಆ ವಾರ ಬರಿಯ ನೀರಿನ ಸದ್ದು ಬಂತು. ನಾನು ಪಾತ್ರೆ ತೊಳೆಯುತ್ತ ಕಿವಿಗೊಟ್ಟು ನಿಲ್ಲುತ್ತಿದ್ದೆ. ಏನೂ ಇಲ್ಲ. ಜೂನ್ ಮೊದಲ ವಾರ ಅಂಗಡಿಯಲ್ಲಿ ಅವಳ ಟೀಚರ್ ಸಿಕ್ಕರು. ಇಡೀ ಶಾಲೆಗೆ ಇರುವುದೇ ಒಂಬತ್ತು ಮಕ್ಕಳು.

"ಮಾಯು ಗಂಟಲಿಗೇನಾದ್ರೂ ಆಗಿದ್ಯಾ? ಹಾಡೋ ಕ್ಲಾಸಲ್ಲಿ ಬಾಯಿ ಆಡಿಸ್ತಾಳೆ, ದನಿ ಇಲ್ಲ. ಒಂಬತ್ತರಲ್ಲಿ ಒಂದು ದನಿ ಇಲ್ಲ ಅಂದ್ರೆ ತಕ್ಷಣ ಗೊತ್ತಾಗುತ್ತೆ."

ಅವತ್ತು ಸಂಜೆ ಅವಳ ಕೂದಲು ಒರೆಸುತ್ತ ಕೂತೆ. "ಅದೆಲ್ಲ ಹಿಂದಿನೋರು ಹೇಳೋ ಮಾತು ಕಂದ. ಹಾಡಿದ್ರೆ ಯಾವ ಮರಾನೂ ಸಾಯಲ್ಲ."

"ಮತ್ತೆ ಯಾಕೆ ಸತ್ತೋಯ್ತು?"

ಟವೆಲ್ಲಿನಲ್ಲಿ ಅವಳ ಮುಖವನ್ನೇ ಮುಚ್ಚಿ ಮುದ್ದಾಡಿದೆ. ಅವಳು ನಗಲಿಲ್ಲ. ಉತ್ತರ ಹುಡುಕಲೇಬೇಕು ಎಂದು ಅವತ್ತೇ ನಿರ್ಧರಿಸಿದೆ. ಉತ್ತರ ಸಿಗುವ ತನಕ ಈ ಮಗು ಬಾಯಿ ಬಿಡುವುದಿಲ್ಲ.

ತೊಕುಜಿ ಅಜ್ಜನಿಗೆ ಎಪ್ಪತ್ತೆಂಟು. ಬಿಸಿನೀರಿನ ಬುಗ್ಗೆಯ ಛತ್ರದಲ್ಲಿ ಸ್ನಾನದ ತೊಟ್ಟಿ ತೊಳೆಯುವ ಕೆಲಸ ಮಾಡಿ ನಿವೃತ್ತನಾದವನು, ಕಸಿ ಕಟ್ಟುವುದರಲ್ಲಿ ಮಾತ್ರ ಈ ಕಣಿವೆಯಲ್ಲೇ ಮೊದಲಿಗ. ಅತ್ತೆ ಕೈಯ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಿದ್ದ ದಿನ ಅವನನ್ನು ಕರೆದೆ. ಉಗುರಿನಿಂದ ತೊಗಟೆ ಕೆರೆದು ನೋಡಿದ. ಕೊಂಬೆ ಬಗ್ಗಿಸಿ ನೋಡಿದ. ಆಮೇಲೆ ಮರ ಬಿಟ್ಟು ನೆಲ ನೋಡಲು ಶುರುಮಾಡಿದ.

"ಕನಾಯೆ, ಇಲ್ಲಿ ನೋಡು. ಬೆಂಕಿ ಹಾಕಿದ್ರೂ ಸಾಯದ ಕಳೆ ಇದು. ಇದೂ ಎದ್ದಿಲ್ಲ."

ಹೌದು. ಹಿಂಬಾಗಿಲಿನಿಂದ ಮರದ ತನಕ ಬೀಸಣಿಗೆ ಬಿಚ್ಚಿಟ್ಟ ಹಾಗೆ ನೆಲ ಬೋಳಾಗಿತ್ತು. ದಿನಾ ಅದೇ ದಾರಿಯಲ್ಲಿ ಬಟ್ಟೆ ಒಣಹಾಕಲು ಹೋಗುವ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವನು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿಕೊಂಡು ಥೂ ಎಂದು ಉಗಿದ.

"ಉಪ್ಪು. ಉಪ್ಪಿನಕಾಯಿ ನೀರು ಇಲ್ಲಿ ಚೆಲ್ಲಿದೋರು ಯಾರು?"

ನನಗೆ ಕಂಡದ್ದು ಬೆಳ್ಳನೆಯ ಹಿಮದ ಮೇಲೆ ಹರಡಿದ ಕೆಂಪು. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ.

"ಸನ್ಶೋ ಬೇರು ಆಳಕ್ಕೆ ಇಳಿಯಲ್ಲಮ್ಮ. ಚಾಪೆ ಥರ ಮೇಲ್ಮೇಲೇ ಹರಡುತ್ತೆ. ಹಿಮ ಕರಗಿದ ಹಾಗೆ ಉಪ್ಪು ಇಳೀತು, ಬೇರು ಕುಡೀತು" ಎಂದವನು ನನ್ನ ಮುಖ ನೋಡಿ ದನಿ ತಗ್ಗಿಸಿದ. "ಈ ಮರಕ್ಕೆ ಮೂವತ್ತು ದಾಟಿದೆ. ಸನ್ಶೋಗೆ ಮೂವತ್ತು ಅಂದ್ರೆ ನಮಗೆ ತೊಂಬತ್ತು. ವಯಸ್ಸಾಗಿತ್ತು, ಹೋಯ್ತು ಅಂತ ನಾನೇ ಹೇಳಿಬಿಡ್ಲಾ? ನಿನ್ನತ್ತೆ ತೊಮಿಯೆ ನನ್ನ ಮಾತು ನಂಬ್ತಾಳೆ. ಮಗೂಗೂ ಸಮಾಧಾನ ಆಗುತ್ತೆ."

ನಾನು ಹೂಂ ಎಂದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ಹೂಂ ಎಂದದ್ದು ನಿಜ. ಮುಚ್ಚಳ ಮುಟ್ಟಲು ಬಿಟ್ಟ ಮೊದಲ ವರ್ಷವೇ ಮಾವನ ಮರವನ್ನು ಕೊಂದೆ ಎಂದು ಯಾವ ಬಾಯಲ್ಲಿ ಹೇಳಲಿ?

ಸಂಜೆ ಅಜ್ಜ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಚಹಾ ಹೀರುತ್ತ, ಹೇಳಿದ ಹಾಗೆಯೇ ಹೇಳಿದ. ಅತ್ತೆ ತಲೆಯಾಡಿಸಿದರು. ಮಾಯು ಒಬ್ಬಳೇ ಅವನ ಮುಖವನ್ನು ದಿಟ್ಟಿಸಿ ನೋಡುತ್ತಿದ್ದಳು.

"ಒಂದೇ ವರ್ಷದಲ್ಲಿ ಮುದುಕಾಗಿಬಿಡುತ್ತಾ ಅಜ್ಜ? ಹೋದ ವರ್ಷ ಐದು ಬುಟ್ಟಿ ಕೊಟ್ಟಿತ್ತು."

"ಅದು... ಕೆಲವು ಮರ ಹಾಗೇ."

"ನಿಮ್ಮ ಮರ ಇದಕ್ಕಿಂತ ದೊಡ್ಡದು. ಅದಕ್ಕೆ ಯಾಕೆ ವಯಸ್ಸಾಗಿಲ್ಲ?"

ಅಜ್ಜ ಚಹಾದ ಬಟ್ಟಲೊಳಗೆ ಮುಖ ಹುದುಗಿಸಿದ.

ಮಲಗಿಸುವಾಗ ಅವಳು ಗೋಡೆಯ ಕಡೆ ತಿರುಗಿಕೊಂಡು ಹೇಳಿದಳು. "ನೀವೆಲ್ಲ ನನಗೆ ಬೇಜಾರಾಗಬಾರ್ದು ಅಂತ ಸುಳ್ಳು ಹೇಳ್ತಿದ್ದೀರ. ನನಗೆ ಗೊತ್ತು, ನಾನೇ."

ಬೆಳಿಗ್ಗೆ ಬಟ್ಟೆ ಹರವಲು ಹೋದಾಗ ಮರದ ಮುಂದೆ ಅವಳು ನಿಂತಿದ್ದಳು. ಶಾಲೆಯ ಚೀಲ ಬೆನ್ನಿಗಿತ್ತು. ಎರಡು ಕೈಯನ್ನೂ ಬದಿಗೆ ಒತ್ತಿಕೊಂಡು, ಸೊಂಟ ಬಗ್ಗಿಸಿ, ದೊಡ್ಡವರ ಮುಂದೆ ತಪ್ಪೊಪ್ಪಿಕೊಳ್ಳುವಂತೆ ಮರಕ್ಕೆ ತಲೆಬಾಗಿದಳು. ಆಮೇಲೆ ರಸ್ತೆಗೆ ಓಡಿದಳು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಎಂಟು ವರ್ಷದ ಮಗುವಿನ ಬೆನ್ನು ಬಗ್ಗಿಸುತ್ತಿದ್ದೆನಲ್ಲ!

ಸಂಜೆ ಮೂವರೂ ಬಟಾಣಿ ಬಿಡಿಸುತ್ತ ಕೂತಾಗ ಹೇಳಿದೆ. ಮಾತು ಸರಿಯಾಗಿ ಜೋಡಿಸಿಕೊಂಡಿದ್ದೆ, ಬಾಯಿ ತೆರೆದ ಕೂಡಲೇ ಎಲ್ಲ ಚೆಲ್ಲಾಪಿಲ್ಲಿಯಾಯಿತು.

"ಅತ್ತೆ, ಮರ ವಯಸ್ಸಾಗಿ ಸತ್ತಿದ್ದಲ್ಲ. ಮಾಯು ಹಾಡಿದ್ದಕ್ಕೂ ಅಲ್ಲ. ನಾನು... ಮಾರ್ಚ್‌ನಲ್ಲಿ ಪೀಪಾಯಿ ನೀರನ್ನ ಇಲ್ಲೇ ಹಿಂದೆ ಸುರಿದುಬಿಟ್ಟೆ. ಮೂರೂ. ತೊಕುಜಿ ಅಜ್ಜ ಮಣ್ಣು ನೆಕ್ಕಿ ನೋಡಿದ್ರು, ಉಪ್ಪು ಇದೆ. ಅವರು ಸುಳ್ಳು ಹೇಳಿದ್ದು ನನಗೋಸ್ಕರ."

"ಸ್ಟ್ರಾಬೆರಿ ಐಸಾ?" ಎಂದಳು ಮಾಯು.

"ಹೂಂ ಕಂದ. ಅದೇ."

ಅವಳ ಮುಖದಲ್ಲಿ ಮೊದಲು ಹಗುರವಾದದ್ದು ಕಂಡಿತು. ಆಮೇಲೆ ಸಿಟ್ಟು ಬಂತು. ಹಿಡಿ ಬಟಾಣಿಯನ್ನು ನನ್ನ ಮಡಿಲಿಗೆ ಎಸೆದಳು. "ನಾನು ಎಷ್ಟು ದಿನ ಹಾಡಿಲ್ಲ ಗೊತ್ತಾ ನಿನಗೆ? ಗೊತ್ತಾ?"

"ಗೊತ್ತು" ಎಂದೆ. "ದಿನಾ ಬಚ್ಚಲ ಬಾಗಿಲಲ್ಲಿ ನಿಂತು ಕಾಯ್ತಿದ್ದೆ."

ಅತ್ತೆ ಬಲಗೈ ಮಣಿಕಟ್ಟನ್ನು ಎಡಗೈಯಿಂದ ತಿಕ್ಕುತ್ತ ಮರದ ಕಡೆ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಬಯ್ಗುಳಕ್ಕೆ ಕಾದೆ.

"ಹತ್ತು ವರ್ಷ ಬಡ್ಕೊಂಡೆ, ಸಾರಿಗೆ ಉಪ್ಪು ಜಾಸ್ತಿ ಸಾರಿಗೆ ಉಪ್ಪು ಜಾಸ್ತಿ ಅಂತ" ಎಂದರು ಕೊನೆಗೆ. "ಕೊನೆಗೆ ನಿನ್ನ ಮಾವನಿಗೂ ಅದೇ ಸಾರು ಬಡಿಸಿದೆ."

ನಗುವೋ ಅಳುವೋ ತಿಳಿಯದಂತೆ ಅವರ ಭುಜ ಕುಲುಕಿತು. ಮೂಗೊರೆಸಿಕೊಂಡು ಮುಂದುವರಿಸಿದರು. "ನಲವತ್ತು ವರ್ಷ ಆ ನೀರು ಹೊತ್ತು ಕಾಲುವೆಗೆ ಹಾಕಿದೀನಿ. ಯಾಕೆ ಅಂತ ಒಂದು ದಿನ ನಿನಗೆ ಹೇಳಿದೀನಾ? ಮುಚ್ಚಳ ಮುಟ್ಟೋಕೇ ಬಿಡ್ಲಿಲ್ಲ, ಮತ್ತೆ ಹೇಳೋದೆಲ್ಲಿ. ನನಗೆ ನನ್ನತ್ತೆ ಬಕೆಟ್ ಕೈಗೆ ಕೊಟ್ಟೇ ಹೇಳಿಕೊಟ್ಟಿದ್ಲು." ಆಮೇಲೆ ಮಾಯು ಕಡೆ ತಿರುಗಿ ಮಂಡಿಯೂರಿ ನೆಟ್ಟಗೆ ಕೂತರು. "ಮಾಯು, ಅಜ್ಜಿ ತಪ್ಪು ಮಾಡ್ತು. ಮಗೂ ಅನ್ನೋದನ್ನೂ ನೋಡ್ದೆ ಅವತ್ತು ಅಂದುಬಿಟ್ಟೆ. ಹಾಡ್ತಾ ಕಿತ್ರೆ ಕೈ ಮೇಲೆ ಗಮನ ಇರಲ್ಲ, ಮುಳ್ಳು ಚುಚ್ಚುತ್ತೆ, ಕೊಂಬೆ ಮುರಿಯುತ್ತೆ. ಮಕ್ಕಳಿಗೆ ಅಷ್ಟುದ್ದ ಯಾರು ಹೇಳ್ತಾರೆ? ಮರ ಸಾಯುತ್ತೆ ಅಂದ್ರೆ ಗಪ್‌ಚಿಪ್. ಅದಕ್ಕೇ ಇರಬೇಕು ಆ ಮಾತು."

"ಇರಬೇಕು ಅಂದ್ರೆ? ಈಗ ಮರದ ಹತ್ರ ಹಾಡಿದ್ರೆ ಏನೂ ಆಗಲ್ವಾ?"

ಸುಳ್ಳು ಹೇಳಲು ಅತ್ತೆಗೆ ಬರುವುದಿಲ್ಲ. "ಗೊತ್ತಿಲ್ಲ ಮಗಾ. ನಾನು ಒಂದು ಸಲಾನೂ ಹಾಡಿ ನೋಡಿಲ್ಲ."

ಆ ಉತ್ತರ ಮಾಯುಗೆ ಸಾಕಾಗಲಿಲ್ಲ. ಬಚ್ಚಲಲ್ಲಿ ಹಾಡು ಮರಳಿ ಬಂತು, ಶಾಲೆಯಲ್ಲೂ ಬಂತು. ಹಿತ್ತಲಿಗೆ ಕಾಲಿಟ್ಟ ಕೂಡಲೇ ಮಾತ್ರ ತುಟಿ ಬಿಗಿದುಕೊಳ್ಳುತ್ತಿದ್ದಳು. ಒಂದು ಕೊಂಬೆ ಇನ್ನೂ ಜೀವಂತ ಇತ್ತಲ್ಲ, ಅದರ ಮೇಲೆ ಪ್ರಯೋಗ ಮಾಡುವ ಧೈರ್ಯ ಅವಳಿಗಿರಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಬೀಗ ಹಾಕಿದವರೇ ಬಂದು ತೆಗೆಯಬೇಕು.

ಉಪ್ಪಿಗೆ ಒಂದೇ ಮದ್ದು ಸಿಹಿನೀರು, ಎಂದ ತೊಕುಜಿ ಅಜ್ಜ. ನೀರು ನಿಂತರೂ ಸನ್ಶೋ ಬೇರು ಕೊಳೆಯುತ್ತದೆ. ಅದಕ್ಕೇ ಯಸುಹಿರೊ ಒಂದು ಭಾನುವಾರ ಇಳಿಜಾರಿಗೆ ಸಣ್ಣ ಚರಂಡಿ ತೋಡಿದ. ನೀರು ಹರಿದುಹೋಗುವ ದಾರಿ ಆಯಿತು. ಆಮೇಲೆ ದಿನಾ ಬೆಳಿಗ್ಗೆ ನಾನು ಹತ್ತು ಬಕೆಟ್, ಅತ್ತೆ ಎಡಗೈಯಲ್ಲಿ ಎರಡು ಚೊಂಬು, ಮಾಯು ತನ್ನ ಹೂವಿನ ಗಿಡದ ಝಾರಿಯಲ್ಲಿ ಇಪ್ಪತ್ತು ಸಲ. "ಏನ್ರೀ, ಬಾಯಿ ಮುಕ್ಕಳಿಸಿ" ಎಂದು ಅತ್ತೆ ಹೇಳುತ್ತಿದ್ದರು.

ಜುಲೈನಲ್ಲಿ ಸೌದೆ ಕೊಟ್ಟಿಗೆಯ ಹಿಂದೆ ಝಾರಿ ಇಡಲು ಹೋದ ಮಾಯು, "ಅಮ್ಮಾ, ಇಲ್ಲಿ ಮರಿಗಳಿವೆ!" ಎಂದು ಕೂಗಿದಳು. ಬೆಕ್ಕು ಮರಿ ಹಾಕಿದೆ ಎಂದುಕೊಂಡು ಓಡಿದೆ. ಗೋಡೆಯ ಬುಡದಲ್ಲಿ ಐದು ಸನ್ಶೋ ಸಸಿಗಳಿದ್ದವು. ಸೂರಿನ ಮೇಲೆ ಕೂರುವ ಹಕ್ಕಿಗಳು ತಿಂದು ಉದುರಿಸಿದ ಬೀಜ. ಎರಡು ಮೂರು ವರ್ಷದಿಂದ ಅಲ್ಲೇ ಕದ್ದು ಬೆಳೆಯುತ್ತಿದ್ದವೇನೋ. ಪೆನ್ಸಿಲಿನಷ್ಟು ದಪ್ಪವಾಗಿದ್ದವು. ಅಲ್ಲಿಯ ತನಕ ಉಪ್ಪು ಹೋಗಿರಲಿಲ್ಲ.

ಅಗೆದು ಕುಂಡಕ್ಕೆ ಹಾಕಲು ನಾನು ಸಲಿಕೆ ಎತ್ತಿದ್ದೆ. ಅತ್ತೆ ಓಡಿಬಂದು ಕೈ ಹಿಡಿದರು. ಈ ಸಲ ಕಾರಣವನ್ನೂ ಹೇಳಿದರು. "ಸನ್ಶೋಗೆ ಜಾಗ ಬದಲಾಯಿಸಿದ್ರೆ ಆಗಲ್ಲ, ಮುನಿಸಿಕೊಂಡು ಸಾಯುತ್ತೆ. ಇದ್ದಲ್ಲೇ ಇರಲಿ. ಇವುಗಳಲ್ಲಿ ಗಂಡು ಯಾವುದೋ ಹೆಣ್ಣು ಯಾವುದೋ, ಹೂ ಬಿಡೋ ತನಕ ದೇವರಿಗೇ ಗೊತ್ತು. ಗಂಡಾದ್ರೆ ಕಾಯಿ ಬರಲ್ಲ. ಆದ್ರೆ ಇವುಗಳ ಕಾಲಿಗೆ ಅವರ ಕೈ ಕಸಿ ಮಾಡಿದ್ರೆ..." ಉಳಿದ ಆ ಒಂದು ಕೊಂಬೆಯ ಕಡೆ ತೋರಿಸಿದರು. ಮಾತು ಮುಗಿಸಲಿಲ್ಲ.

ಸೆಪ್ಟೆಂಬರ್ ಎರಡನೇ ವಾರ ತೊಕುಜಿ ಅಜ್ಜ ಚಾಕು ಮಸೆದುಕೊಂಡು ಬಂದ. ಬದುಕಿದ ಕೊಂಬೆಯಿಂದ ಕಣ್ಣುಗಳನ್ನು, ಅಂದರೆ ಮೊಗ್ಗಿರುವ ತೊಗಟೆಯ ಚೂರುಗಳನ್ನು, ಒಂದೊಂದಾಗಿ ಕೆತ್ತಿ ತೆಗೆದ. ಸಸಿಯ ಕಾಂಡದಲ್ಲೂ ಅದೇ ಅಳತೆಗೆ ಗಾಯ ಮಾಡಿದ. ಗಾಳಿಗೆ ಒಣಗುವ ಮೊದಲು ಕೂರಿಸಿ ಪಟ್ಟಿ ಸುತ್ತಬೇಕು. ಅತ್ತೆ ಪಟ್ಟಿ ಕತ್ತರಿಸಿ ಕೊಟ್ಟರು, ನಾನು ಸಸಿ ಅಲುಗದಂತೆ ಹಿಡಿದೆ, ಮಾಯು ಒದ್ದೆ ಬಟ್ಟೆಯಲ್ಲಿ ಕಣ್ಣುಗಳನ್ನು ಮುಚ್ಚಿಟ್ಟುಕೊಂಡು ಒಂದೊಂದೇ ಕೊಟ್ಟಳು. ನಾಲ್ವರೂ ಉಸಿರು ಬಿಗಿಹಿಡಿದಿದ್ದೆವು. ಎರಡನೇ ಸಸಿ ಮುಗಿದ ಮೇಲೆ ಅಜ್ಜ ಬೆನ್ನು ನೆಟ್ಟಗೆ ಮಾಡಿದ.

"ಏನಿದು, ತಿಥಿ ಮನೆ ಥರ! ಮಾಯು ಪುಟ್ಟಿ, ಒಂದು ಹಾಡು ಹೇಳು."

ಮಾಯು ಅಜ್ಜಿಯ ಮುಖ ನೋಡಿದಳು. ಅತ್ತೆ ನೆಲ ನೋಡಿದರು.

"ಸರಿ, ನಾನೇ ಹೇಳ್ತೀನಿ" ಎಂದವನೇ ಅಜ್ಜ ಮೂರನೇ ಸಸಿಗೆ ಚಾಕು ಹಚ್ಚಿ, ಮರ ಸಾಗಿಸುವವರು ಹಿಂದೆ ಹಾಡುತ್ತಿದ್ದ ಯಾವುದೋ ಹಾಡನ್ನು ಎತ್ತಿದ. ಅಂಥ ಕಂಠ ನಾನು ಹುಟ್ಟಿದಾರಭ್ಯ ಕೇಳಿಲ್ಲ. ಸೂರಿನ ಮೇಲಿನ ಹಕ್ಕಿಗಳು ಪುರ್ರನೆ ಎದ್ದವು. ಎದುರುಮನೆಯಲ್ಲಿ ಅವನದೇ ನಾಯಿ ಊಳಿಡಲು ಶುರುಮಾಡಿತು. ಚಾಕು ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

"ತೊಕುಜಿ!" ಅತ್ತೆ ಗಾಬರಿಯಾಗಿ ಅವನ ತೋಳು ಹಿಡಿದರು. "ನಿನಗೇನು ತಲೆ ಕೆಟ್ಟಿದ್ಯಾ? ಕಸಿ ಕಟ್ಟೋವಾಗ!"

"ಐವತ್ತು ವರ್ಷದಿಂದ ಹೀಗೇ ಕಟ್ತಾ ಇದೀನಿ. ನಿಮ್ಮ ಯಜಮಾನ ಈ ಮರ ಕಟ್ಟಿದಾಗ ಸಸಿ ಹಿಡಕೊಂಡಿದ್ದೋನು ನಾನೇ. ಅವತ್ತು ಇಬ್ಬರೂ ಹಾಡಿದ್ವಿ. ಅವನ ಗಂಟಲು ಇನ್ನೂ ಕೆಟ್ಟದು."

ಅತ್ತೆಯ ಕೈ ಸಡಿಲವಾಯಿತು. "ಅವರು ಹಾಡಿದ್ರಾ? ಈ ಮರದ ಹತ್ರ?"

"ನಿನಗೆ ಹೇಳ್ಬೇಡ ಅಂದಿದ್ದ. ಅವನಮ್ಮನಿಗೆ, ಅದೇ ನಿಮ್ಮತ್ತೆಗೆ, ಹೆದರ್ತಿದ್ದ."

ಅತ್ತೆ ಮರದ ಕಡೆ ತಿರುಗಿ, "ಕಳ್ಳ" ಎಂದರು. ಅಷ್ಟು ಪ್ರೀತಿಯಿಂದ ಆ ಮಾತನ್ನು ಯಾರೂ ಆಡಿದ್ದು ನಾನು ಕೇಳಿಲ್ಲ.

ಅಜ್ಜ ಮತ್ತೆ ಮೂರನೇ ಸಸಿಗೆ ಬಗ್ಗಿದ. ಹಾಡೂ ಶುರುವಾಯಿತು. ಈ ಸಲ ಮಾಯುಗೆ ತಡೆಯಲಾಗಲಿಲ್ಲ. "ಅಜ್ಜ, ಇದನ್ನ ಶಾಲೆಯಲ್ಲಿ ನಾವೂ ಹಾಡ್ತೀವಿ, ಆ ಸಾಲು ಮೇಲೆ ಹೋಗಬೇಕು, ನೀವು ಕೆಳಗೆ ಬೀಳ್ತಿದ್ದೀರ!"

"ಎಲ್ಲಿ? ಹೇಳಿಕೊಡು."

ಅವಳು ಒದ್ದೆ ಬಟ್ಟೆಯನ್ನು ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ, ಆ ಸಾಲನ್ನು ಹಾಡಿದಳು. ಮೊದಲು ಪಿಸುಮಾತಿನಷ್ಟು, ಆಮೇಲೆ ಅವಳದೇ ದನಿಯಲ್ಲಿ. ನಾನು ಸಸಿ ಹಿಡಿದಿದ್ದೆ, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಐದನೇ ಸಸಿ ಮುಗಿಯುವಷ್ಟರಲ್ಲಿ ಅಜ್ಜ ಆ ಸಾಲು ಕಲಿತಿದ್ದ, ಹೆಚ್ಚುಕಮ್ಮಿ.

ಹಿಮ ಬೀಳುವ ಮುನ್ನ ಯಸುಹಿರೊ ಐದು ಸಸಿಗೂ ಹುಲ್ಲಿನ ಟೋಪಿ ಕಟ್ಟಿದ. ಚಳಿಗಾಲ ಬಂತು, ಹೋಯಿತು. ಮಾರ್ಚ್‌ನಲ್ಲಿ ಪೀಪಾಯಿ ಖಾಲಿಯಾದಾಗ ಕಾಲುವೆ ಮತ್ತೆ ಹಿಮದ ಕೆಳಗೇ ಇತ್ತು. ನಾನು ಸಲಿಕೆ ಹಿಡಿದು ಅರ್ಧ ದಿನ ಅಗೆದು ದಾರಿ ಮಾಡಿಕೊಂಡು, ಒಂದೊಂದೇ ಬಕೆಟ್ ಹೊತ್ತು ಸುರಿದೆ. ಮಾಯು ಪುಟ್ಟ ಬಕೆಟ್ ಹಿಡಿದು ಹಿಂದೆ ಬಂದಳು, ಯಾಕೆ ಎಂದು ಅವಳಿಗೆ ಗೊತ್ತಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ಶಾಲೆಗೆ ಹೊರಟವಳು ಚೀಲ ಸಮೇತ ವಾಪಸು ಓಡಿಬಂದಳು. ಐದರಲ್ಲಿ ಮೂರು ಕಣ್ಣು ತೆರೆದಿದ್ದವು. ಒಂದೊಂದೂ ಅಕ್ಕಿಕಾಳಿನಷ್ಟು ಹಸಿರು. ಅತ್ತೆ ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಮುಟ್ಟದೆ ನೋಡಿದರು. ತೊಕುಜಿ ಅಜ್ಜನಿಗೆ ಸುದ್ದಿ ಮುಟ್ಟಿದಾಗ, "ಹಾಡಿನ ಮಹಿಮೆ" ಎಂದನಂತೆ. "ಹಾಗಾದ್ರೆ ಸತ್ತ ಎರಡೂ ನಿನ್ನ ಹಾಡು ಕೇಳಿಯೇ ಸತ್ತಿರಬೇಕು" ಎಂದು ಅತ್ತೆ ಹೇಳಿ ಕಳಿಸಿದರು.

ಹಳೆಯ ಮರದ ಆ ಒಂದು ಕೊಂಬೆ ಆಗಸ್ಟ್‌ನಲ್ಲಿ ಒಂದು ಬಟ್ಟಲಿನಷ್ಟು ಕಾಯಿ ಕೊಟ್ಟಿತು. ಐದು ಬುಟ್ಟಿಯ ಜಾಗದಲ್ಲಿ ಒಂದು ಬಟ್ಟಲು. ಮೂವರು ಬಿಡಿಸುವಷ್ಟು ಕೆಲಸವೇ ಇರಲಿಲ್ಲ, ಆದರೂ ಮೂವರೂ ಕೂತೆವು. ಮಾಯು ಮುಳ್ಳು ನೋಡಿಕೊಂಡು ಒಂದೊಂದೇ ಗೊಂಚಲು ತೆಗೆಯುತ್ತ ಅಜ್ಜನ ಆ ಹಾಡನ್ನೇ ಹಾಡುತ್ತಿದ್ದಳು.

"ಮಾಯು!" ಎಂದರು ಅತ್ತೆ ಇದ್ದಕ್ಕಿದ್ದಂತೆ.

ಅವಳು ತಟಕ್ಕನೆ ಬಾಯಿ ಮುಚ್ಚಿದಳು. ನನ್ನ ಕೈಯೂ ನಿಂತಿತು.

"ಎರಡನೇ ಸಾಲು ಹಾಗಲ್ಲ" ಎಂದು ಅತ್ತೆ ಗಂಟಲು ಸರಿಮಾಡಿಕೊಂಡರು. ಮರದ ಕಡೆ ಒಮ್ಮೆ ಅಪ್ಪಣೆ ಕೇಳುವಂತೆ ನೋಡಿ, ನಲವತ್ತು ವರ್ಷ ಬಳಸದ ದನಿಯಲ್ಲಿ ಎರಡನೇ ಸಾಲನ್ನು ಹೇಳಿಕೊಡಲು ಶುರುಮಾಡಿದರು.